ಪಿಟ್ಯುಟರಿ ಗಡ್ಡೆ: ಆಪರೇಷನ್‌ಗೆ ಒಪ್ಪುವ ಮೊದಲು ಪ್ರೊಲ್ಯಾಕ್ಟಿನ್ ನೋಡಿ

ಎಂಆರ್‌ಐ ರಿಪೋರ್ಟಿನಲ್ಲಿ ‘ಪಿಟ್ಯುಟರಿ ಅಡಿನೋಮಾ’ (ಪಿಟ್ಯುಟರಿ ಗ್ರಂಥಿಯ ಗಡ್ಡೆ) ಎಂದು ಬಂದ ಕೂಡಲೇ ಮನೆಯವರೆಲ್ಲ ಸರ್ಜನ್ ಹುಡುಕಲು ಹೊರಡುತ್ತಾರೆ. ಸ್ವಲ್ಪ ತಡೆಯಿರಿ. ಮೂಗಿನ ಹಿಂದೆ, ಮೆದುಳಿನ ತಳದಲ್ಲಿ ಕಡಲೆಕಾಳಿನಷ್ಟಿರುವ ಈ ಗ್ರಂಥಿಯ ಗಡ್ಡೆಗಳು ಕ್ಯಾನ್ಸರ್ ಆಗಿರುವುದು ತೀರಾ ಅಪರೂಪ. ಹಾರ್ಮೋನು ಸ್ರವಿಸುವ ಗಡ್ಡೆಗಳಲ್ಲಿ ಅತಿ ಸಾಮಾನ್ಯವಾದದ್ದು, ಎದೆಹಾಲು ತರಿಸುವ ಪ್ರೊಲ್ಯಾಕ್ಟಿನ್ ಹಾರ್ಮೋನನ್ನು ಸುರಿಸುವ ಪ್ರೊಲ್ಯಾಕ್ಟಿನೋಮಾ. ಅದು ಬಹುಪಾಲು ಮಾತ್ರೆಗೇ ಕುಗ್ಗುತ್ತದೆ. ರಕ್ತದಲ್ಲಿ ಪ್ರೊಲ್ಯಾಕ್ಟಿನ್ ಎಷ್ಟಿದೆಯೆಂದು ನೋಡದೆ ಆಪರೇಷನ್ ದಿನಾಂಕ ಗೊತ್ತುಮಾಡಬಾರದು.

ಯಾವ ಲಕ್ಷಣಕ್ಕೆ ಅನುಮಾನಿಸಬೇಕು

ಹೆಂಗಸರಲ್ಲಿ ಮುಟ್ಟು ನಿಲ್ಲುವುದು, ಬಸಿರು ನಿಲ್ಲದಿರುವುದು, ಮಗುವಿಲ್ಲದೆಯೂ ಎದೆಹಾಲು ಬರುವುದು. ಗಂಡಸರಲ್ಲಿ ಕಾಮಾಸಕ್ತಿ ತಗ್ಗುತ್ತದೆ, ನಿಮಿರು ದೌರ್ಬಲ್ಯ ಬರುತ್ತದೆ. ಅದನ್ನು ‘ಟೆನ್ಷನ್’ ಎಂದು ತಳ್ಳಿಹಾಕುವುದರಿಂದ ಅವರಲ್ಲಿ ಗಡ್ಡೆ ಪತ್ತೆಯಾಗುವಾಗ ದೊಡ್ಡದಾಗಿರುತ್ತದೆ. ಉಂಗುರ, ಚಪ್ಪಲಿ ಬಿಗಿಯಾಗುತ್ತ ಬಂದರೆ ಬೆಳವಣಿಗೆ ಹಾರ್ಮೋನಿನ ಗಡ್ಡೆ ಇರಬಹುದು. ಮುಖ ದುಂಡಾಗಿ, ಹೊಟ್ಟೆಯ ಮೇಲೆ ಅಗಲವಾದ ನೇರಳೆ ಗೆರೆ ಮೂಡಿ, ತೊಡೆಯ ಶಕ್ತಿ ಕುಂದಿದರೆ ಕುಶಿಂಗ್ ಕಾಯಿಲೆಯನ್ನು (ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನು ಅತಿಯಾಗುವುದು) ಹುಡುಕಬೇಕು. ಗ್ರಂಥಿಯ ಸ್ವಲ್ಪ ಮೇಲೆಯೇ ಕಣ್ಣಿನ ನರಗಳು ಅಡ್ಡ ಹಾಯುವುದರಿಂದ, ದೊಡ್ಡ ಗಡ್ಡೆ ಒತ್ತಿದಾಗ ಎರಡೂ ಹೊರಬದಿಯ ನೋಟ ಹೋಗುತ್ತದೆ. ಬಾಗಿಲ ಚೌಕಟ್ಟಿಗೆ ಭುಜ ತಾಗುವುದು, ಗಾಡಿ ಓಡಿಸುವಾಗ ಪಕ್ಕದಿಂದ ಬಂದವರು ಕಾಣದಿರುವುದು ಇದರ ಗುರುತು. ಎದುರಿನ ಅಕ್ಷರ ಓದಲು ಬರುತ್ತಿದ್ದರೂ ಇದು ಆಗಿರಬಹುದು. ಹಾಗಾಗಿ ಕನ್ನಡಕದ ಅಂಗಡಿಯ ಪರೀಕ್ಷೆ ಸಾಲದು, ಸುತ್ತಲಿನ ನೋಟ ಎಷ್ಟಿದೆ ಎಂದು ಅಳೆಯುವ ‘ಪೆರಿಮೆಟ್ರಿ’ ಪರೀಕ್ಷೆ ಆಗಲೇಬೇಕು.

ಪ್ರೊಲ್ಯಾಕ್ಟಿನ್ ಸಂಖ್ಯೆ ಓದುವ ಬಗೆ

ಸಾಮಾನ್ಯ ಮಿತಿ ಹೆಂಗಸರಲ್ಲಿ ಸುಮಾರು 25, ಗಂಡಸರಲ್ಲಿ ಸುಮಾರು 20 ನ್ಯಾನೋಗ್ರಾಂ/ಮಿಲಿ. ಲ್ಯಾಬಿನಿಂದ ಲ್ಯಾಬಿಗೆ ಕೊಂಚ ಬದಲಾಗುತ್ತದೆ. ಸೂಜಿಯ ಹೆದರಿಕೆಗೂ ಸ್ವಲ್ಪ ಏರುವುದರಿಂದ ಕೆಲಹೊತ್ತು ಕುಳಿತು ಸುಧಾರಿಸಿಕೊಂಡು ರಕ್ತ ಕೊಡಿ. ಕೂದಲಿಗೆಂದು ಬಯೋಟಿನ್ ಮಾತ್ರೆ ನುಂಗುತ್ತಿದ್ದರೆ ಎರಡು ಮೂರು ದಿನ ಮೊದಲೇ ನಿಲ್ಲಿಸಿ, ಅದು ಲೆಕ್ಕ ಕೆಡಿಸುತ್ತದೆ.

ಪ್ರೊಲ್ಯಾಕ್ಟಿನ್ ಹೆಚ್ಚಿದ್ದಾಗ ಗಡ್ಡೆಯನ್ನು ದೂರುವ ಮೊದಲು ಔಷಧದ ಡಬ್ಬಿ ತೆರೆದು ನೋಡಿ. ನಮ್ಮಲ್ಲಿ ಗ್ಯಾಸ್ಟ್ರಿಕ್‌ಗೆ ಕೊಡುವ ಎಷ್ಟೋ ಮಾತ್ರೆಗಳಲ್ಲಿ ಪ್ಯಾಂಟೊಪ್ರಜೋಲ್ ಜೊತೆ ಡೊಂಪೆರಿಡೋನ್, ರಬೆಪ್ರಜೋಲ್ ಜೊತೆ ಲೆವೊಸಲ್ಪಿರೈಡ್ ಸೇರಿರುತ್ತದೆ. ಇವೆರಡೂ ಪ್ರೊಲ್ಯಾಕ್ಟಿನ್ ಅನ್ನು ಜೋರಾಗಿ ಏರಿಸುತ್ತವೆ. ವೈದ್ಯರ ಒಪ್ಪಿಗೆ ಪಡೆದು ಕನಿಷ್ಠ ಮೂರು ದಿನ ಬಿಟ್ಟು ಮತ್ತೆ ಪರೀಕ್ಷಿಸಿ. ರಿಸ್ಪೆರಿಡೋನ್, ಅಮಿಸಲ್ಪ್ರೈಡ್‌ನಂಥ ಮನೋರೋಗದ ಔಷಧಗಳೂ ಹೀಗೇ ಮಾಡುತ್ತವೆ, ಆದರೆ ಅವನ್ನು ಮನೋವೈದ್ಯರನ್ನು ಕೇಳದೆ ಒಂದು ದಿನವೂ ನಿಲ್ಲಿಸಬೇಡಿ. ಬಸಿರು, ಥೈರಾಯ್ಡ್ ಕೊರತೆ, ಕಿಡ್ನಿ ವೈಫಲ್ಯ ಇಲ್ಲವೆಂದೂ ಖಚಿತವಾಗಬೇಕು.

ದೊಡ್ಡ ಗಡ್ಡೆಯಲ್ಲಿ ಎರಡು ಬಲೆಗಳಿವೆ. ಮಿದುಳಿನಿಂದ ಗ್ರಂಥಿಗೆ ಇಳಿಯುವ ತೊಟ್ಟಿನ ಮೂಲಕ ಬರುವ ಡೋಪಮಿನ್ ಎಂಬ ರಾಸಾಯನಿಕ ಪ್ರೊಲ್ಯಾಕ್ಟಿನ್ ಅನ್ನು ಹಿಡಿದಿಟ್ಟಿರುತ್ತದೆ. ಯಾವುದೇ ಗಡ್ಡೆ ಆ ತೊಟ್ಟನ್ನು ಒತ್ತಿದರೂ ಹಿಡಿತ ಸಡಿಲಿ ಸಂಖ್ಯೆ ಏರುತ್ತದೆ, ಆದರೆ ಸಾಮಾನ್ಯವಾಗಿ 100ರ ಒಳಗೇ ಉಳಿಯುತ್ತದೆ. 3 ಸೆಂಟಿಮೀಟರ್ ಗಡ್ಡೆಯಿದ್ದು ಪ್ರೊಲ್ಯಾಕ್ಟಿನ್ 70 ಬಂದರೆ ಅದು ಪ್ರಾಯಶಃ ಪ್ರೊಲ್ಯಾಕ್ಟಿನೋಮಾ ಅಲ್ಲ. ಮಾತ್ರೆ ಕೊಟ್ಟರೆ ಸಂಖ್ಯೆ ಇಳಿಯುತ್ತದೆ, ಗಡ್ಡೆ ಹಾಗೇ ಉಳಿದು ಕಣ್ಣು ಕೆಡುತ್ತದೆ. ಇದಕ್ಕೆ ತಿರುಗಾದದ್ದು ಹುಕ್ ಎಫೆಕ್ಟ್: ಹಾರ್ಮೋನು ವಿಪರೀತ ಹೆಚ್ಚಿದ್ದಾಗ ಯಂತ್ರವೇ ಮೋಸಹೋಗಿ ಕಡಿಮೆ ತೋರಿಸುತ್ತದೆ. ಅದಕ್ಕೇ ಇಂಥ ಗಡ್ಡೆಗಳಲ್ಲಿ ‘ಮಾದರಿಯನ್ನು 1:100 ದುರ್ಬಲಗೊಳಿಸಿ ನೋಡಿ’ ಎಂದು ಲ್ಯಾಬಿಗೆ ಬರೆದುಕೊಡಬೇಕು. 200–250 ದಾಟಿದರೆ ಪ್ರೊಲ್ಯಾಕ್ಟಿನೋಮಾ ಎನ್ನಲು ಬಲವಾದ ಆಧಾರ. ಲಕ್ಷಣವೇ ಇಲ್ಲದೆ ಸಂಖ್ಯೆ ಮಾತ್ರ ಹೆಚ್ಚಿದ್ದರೆ ಮ್ಯಾಕ್ರೋಪ್ರೊಲ್ಯಾಕ್ಟಿನ್ (ಸಂಖ್ಯೆ ಏರಿಸಿದರೂ ಹೆಚ್ಚು ಕೆಲಸ ಮಾಡದ, ದೊಡ್ಡ ಕಣದ ಪ್ರೊಲ್ಯಾಕ್ಟಿನ್) ಪರೀಕ್ಷೆ ಕೇಳಿ.

ಉಳಿದ ಪರೀಕ್ಷೆಗಳು

ಬೆಳಿಗ್ಗೆ 8ರ ಕಾರ್ಟಿಸಾಲ್, ಟಿಎಸ್‌ಎಚ್ ಜೊತೆಗೆ ಫ್ರೀ ಟಿ4, ಅಂಡಾಶಯ-ವೃಷಣಗಳನ್ನು ನಡೆಸುವ ಎಲ್‌ಎಚ್, ಎಫ್‌ಎಸ್‌ಎಚ್, ಗಂಡಸರಿಗೆ ಟೆಸ್ಟೋಸ್ಟಿರೋನ್, ಎಲ್ಲರಿಗೂ ಬೆಳವಣಿಗೆ ಹಾರ್ಮೋನಿನ ಮಟ್ಟ ಸೂಚಿಸುವ ಐಜಿಎಫ್-1. ಬರೀ ಟಿಎಸ್‌ಎಚ್ ನೋಡಿ ‘ಥೈರಾಯ್ಡ್ ನಾರ್ಮಲ್’ ಎನ್ನುವುದು ಇಲ್ಲಿ ತಪ್ಪು, ಏಕೆಂದರೆ ಟಿಎಸ್‌ಎಚ್ ತಯಾರಿಸುವ ಗ್ರಂಥಿಗೇ ಪೆಟ್ಟಾಗಿರುತ್ತದೆ. ಕಾರ್ಟಿಸಾಲ್ 3 ಮೈಕ್ರೋಗ್ರಾಂ/ಡೆಸಿಲೀಟರ್‌ಗಿಂತ ಕೆಳಗಿದ್ದರೆ ಕೊರತೆ ಖಚಿತ. ಕಾರ್ಟಿಸಾಲ್, ಥೈರಾಯ್ಡ್ ಎರಡೂ ಕಡಿಮೆಯಿದ್ದರೆ ಮೊದಲು ಕಾರ್ಟಿಸಾಲ್ ತುಂಬಿಕೊಡುವ ಹೈಡ್ರೊಕಾರ್ಟಿಸೋನ್, ಆಮೇಲೆ ಥೈರಾಯ್ಡ್ ಮಾತ್ರೆಯಾದ ಥೈರಾಕ್ಸಿನ್. ಈ ಕ್ರಮ ತಿರುಗುಮುರುಗಾದರೆ ಬಿಪಿ ಕುಸಿದು ಜೀವಕ್ಕೇ ಅಪಾಯ.

ಕುಶಿಂಗ್ ಅನುಮಾನವಿದ್ದರೆ ರಾತ್ರಿ 11ಕ್ಕೆ 1 ಮಿಲಿಗ್ರಾಂ ಡೆಕ್ಸಾಮೆಥಾಸೋನ್ ನುಂಗಿ ಮರುದಿನ ಬೆಳಿಗ್ಗೆ 8ಕ್ಕೆ ಕಾರ್ಟಿಸಾಲ್ ಕೊಡಬೇಕು, ಅದು 1.8ಕ್ಕಿಂತ ಕೆಳಗಿಳಿಯಬೇಕು. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವವರಲ್ಲಿ ಇದು ಸುಳ್ಳೇ ಹೆಚ್ಚು ಬರುತ್ತದೆ.

ಸ್ಕ್ಯಾನ್ ಮಾಡಿಸುವಾಗ ಸಾದಾ ಬ್ರೇನ್ ಎಂಆರ್‌ಐ ಬೇಡ. ಕಾಂಟ್ರಾಸ್ಟ್ ಸಹಿತ, ತೆಳು ಪದರಗಳ ಪಿಟ್ಯುಟರಿ ಎಂಆರ್‌ಐ ಎಂದೇ ಚೀಟಿಯಲ್ಲಿರಲಿ. ಇಲ್ಲದಿದ್ದರೆ 4–5 ಮಿಲಿಮೀಟರ್ ಗಡ್ಡೆ ತಪ್ಪಿಹೋಗುತ್ತದೆ. 10 ಮಿಲಿಮೀಟರ್‌ಗಿಂತ ಚಿಕ್ಕದು ಮೈಕ್ರೋ, ಅದರಿಂದ ಮೇಲೆ ಮ್ಯಾಕ್ರೋ. ಹಾರ್ಮೋನು ಸರಿಯಿದ್ದು ಅಕಸ್ಮಾತ್ತಾಗಿ ಕಂಡ ಮೈಕ್ರೋ ಗಡ್ಡೆಯನ್ನು ವರ್ಷ ಬಿಟ್ಟು ಮತ್ತೆ ನೋಡಿದರೆ ಸಾಕು.

ಚಿಕಿತ್ಸೆ

ಪ್ರೊಲ್ಯಾಕ್ಟಿನೋಮಾಗೆ ಕ್ಯಾಬರ್ಗೊಲಿನ್. ಸಾಮಾನ್ಯವಾಗಿ 0.25 ಮಿಲಿಗ್ರಾಂ, ವಾರಕ್ಕೆ ಎರಡು ಸಲ ಶುರು; ಪ್ರೊಲ್ಯಾಕ್ಟಿನ್ ನೋಡಿಕೊಂಡು ವೈದ್ಯರು ಏರಿಸುತ್ತಾರೆ. ರಾತ್ರಿ ಊಟದೊಂದಿಗೆ ತೆಗೆದುಕೊಂಡರೆ ವಾಕರಿಕೆ, ತಲೆಸುತ್ತು ಕಡಿಮೆ. ಜೂಜು, ಅತಿಖರ್ಚು, ಲೈಂಗಿಕ ಹುಚ್ಚು ಹೊಸದಾಗಿ ಶುರುವಾದರೆ ಅದು ಮಾತ್ರೆಯ ಕೆಲಸವಿರಬಹುದು, ನಾಚದೆ ಹೇಳಿ. ವಾರಕ್ಕೆ 2 ಮಿಲಿಗ್ರಾಂ ಮೀರಿದರೆ ಹೃದಯದ ಕವಾಟ ನೋಡಲು ಎಕೋ ಸ್ಕ್ಯಾನ್ ಬೇಕು. ಮುಟ್ಟು ಮರಳುವ ಮೊದಲೇ ಅಂಡ ಬಿಡುಗಡೆಯಾಗಬಹುದು. ಮಗು ಬೇಡದಿದ್ದರೆ ಮೊದಲ ದಿನದಿಂದಲೇ ಎಚ್ಚರ. ಬಸಿರು ಖಚಿತವಾದ ಕೂಡಲೇ ವೈದ್ಯರಿಗೆ ತಿಳಿಸಿ. ದೊಡ್ಡ ಗಡ್ಡೆ ಬೇಗ ಕುಗ್ಗಿದಾಗ ಮೂಗಿನಿಂದ ತಿಳಿನೀರು ತೊಟ್ಟಿಕ್ಕಿದರೆ ಅದು ನೆಗಡಿಯಲ್ಲ, ಮೆದುಳಿನ ದ್ರವ. ಅಂದೇ ಆಸ್ಪತ್ರೆಗೆ ಹೋಗಿ. ಕನಿಷ್ಠ ಎರಡು ವರ್ಷ ಕಳೆದು, ಪ್ರೊಲ್ಯಾಕ್ಟಿನ್ ಸರಿಯಿದ್ದು ಗಡ್ಡೆ ಕಾಣದಿದ್ದರೆ ಮಾತ್ರ ಮಾತ್ರೆ ಇಳಿಸುವ ಮಾತು.

ಬೆಳವಣಿಗೆ ಹಾರ್ಮೋನಿನ ಗಡ್ಡೆ, ಕುಶಿಂಗ್, ಕಣ್ಣಿನ ನರ ಒತ್ತುವ ಇತರ ಗಡ್ಡೆಗಳಿಗೆ ಮೊದಲ ಆಯ್ಕೆ ಮೂಗಿನ ಮೂಲಕ ಎಂಡೋಸ್ಕೋಪಿಕ್ ಶಸ್ತ್ರಚಿಕಿತ್ಸೆ. ಇದರ ಫಲ ಕೈಯ ಅನುಭವವನ್ನು ಬಹಳ ಅವಲಂಬಿಸಿದೆ. ವರ್ಷಕ್ಕೆ ಎಷ್ಟು ಮಾಡುತ್ತೀರಿ ಎಂದು ಸರ್ಜನ್‌ರನ್ನು ಕೇಳುವುದು ನಿಮ್ಮ ಹಕ್ಕು. ಉಳಿದ ತುಣುಕಿಗೆ ಗಾಮಾ ನೈಫ್‌ನಂಥ ವಿಕಿರಣವಿದೆ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಆ ಸೌಲಭ್ಯವಿದೆ; ಫಲ ಕಾಣಲು ವರ್ಷಗಳು ಬೇಕು.

ಆಪರೇಷನ್ ಆದ ಮೇಲೆ ಕೆಲವು ವಾರ ಮೂಗು ಸೀಟಬೇಡಿ, ಸೀನು ಬಂದರೆ ಬಾಯಿ ತೆರೆದು ಬಿಡಿ, ತಿಣುಕಬೇಡಿ. ಮೊದಲ ದಿನಗಳಲ್ಲಿ ವಿಪರೀತ ಮೂತ್ರ, ಬಾಯಾರಿಕೆ ಬರಬಹುದು. ಮನೆಗೆ ಬಂದ ಮೇಲಿನ ಅಪಾಯ ಬೇರೆ: 5ರಿಂದ 10ನೇ ದಿನದೊಳಗೆ ಸೋಡಿಯಂ ಇಳಿದು ತಲೆನೋವು, ವಾಂತಿ, ಮಂಕು ಕವಿಯುತ್ತದೆ. ಸುಮಾರು 7ನೇ ದಿನ ಸೋಡಿಯಂ ಪರೀಕ್ಷೆ ಬರೆಸಿಕೊಂಡೇ ಡಿಸ್ಚಾರ್ಜ್ ಆಗಿ.

ಹೈಡ್ರೊಕಾರ್ಟಿಸೋನ್ ಮೇಲಿರುವವರು ಜ್ವರ ಬಂದಾಗ ಡೋಸ್ ದುಪ್ಪಟ್ಟು ಮಾಡಬೇಕು. ವಾಂತಿಯಾಗಿ ಮಾತ್ರೆ ನಿಲ್ಲದಿದ್ದರೆ 100 ಮಿಲಿಗ್ರಾಂ ಇಂಜೆಕ್ಷನ್ ಬೇಕು. ಇದನ್ನು ಚೀಟಿಯಲ್ಲಿ ಬರೆದು ಪರ್ಸಿನಲ್ಲಿಡಿ. ಗಡ್ಡೆಯಿರುವ ಯಾರಿಗೇ ಆಗಲಿ, ಸಿಡಿಲಿನಂತೆ ತಲೆನೋವು ಎದ್ದು, ವಾಂತಿಯಾಗಿ, ಕಣ್ಣು ಮಂಜಾದರೆ ಅಥವಾ ರೆಪ್ಪೆ ಜೋತುಬಿದ್ದರೆ ಗಡ್ಡೆಯೊಳಗೆ ರಕ್ತಸ್ರಾವವಾಗಿರಬಹುದು. ನೋವಿನ ಮಾತ್ರೆ ಕೊಟ್ಟು ಬೆಳಗಾಗಲೆಂದು ಕಾಯದೆ, ನ್ಯೂರೋಸರ್ಜನ್ ಇರುವ ತುರ್ತು ವಿಭಾಗಕ್ಕೆ ಕೂಡಲೇ ಕರೆದೊಯ್ದು ‘ಪಿಟ್ಯುಟರಿ ಗಡ್ಡೆ ಇದೆ’ ಎಂದು ಬಾಗಿಲಲ್ಲೇ ಹೇಳಿ.