ಟ್ಯಾಂಕ್ ತುಂಬಿತಾ ಅಂತ ಪಿನ್ನನ್ನೇ ಕೇಳಿದೆ

ನಮ್ಮ ತಾರಸಿ ಮೇಲಿನ ಟ್ಯಾಂಕ್ ತುಂಬಿದ್ದು ಗೊತ್ತಾಗುತ್ತಿದ್ದುದೇ ನೀರು ಹೊರಗೆ ಸುರಿಯತೊಡಗಿದ ಮೇಲೆ. ಅದಕ್ಕೇ ಟ್ಯಾಂಕಿನೊಳಗೆ ಒಂದು ಫ್ಲೋಟ್ ಸ್ವಿಚ್ (ನೀರಿನ ಜೊತೆ ತೇಲಿ ಮೇಲೆದ್ದಾಗ ಮುಚ್ಚಿಕೊಳ್ಳುವ ಸ್ವಿಚ್) ಇಳಿಬಿಟ್ಟು, ವೈರನ್ನು ಕೆಳಗಿನ ರಾಸ್ಪ್‌ಬೆರಿ ಪೈ 4 ಅನ್ನೋ ಪುಟ್ಟ ಕಂಪ್ಯೂಟರಿಗೆ ತಂದೆ. ದಿನವಿಡೀ ನಾನು ಬರೆಯುವುದು ಜಾವಾಸ್ಕ್ರಿಪ್ಟ್. ಹಾಗಾಗಿ ಇಲ್ಲೂ ಬ್ರೌಸರ್ ಇಲ್ಲದೆ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್ ಜೆಎಸ್, ಜೊತೆಗೆ ಪೈಯ ಪಿನ್ ಓದುವ ಆನ್‌ಆಫ್ ಅನ್ನೋ ಪ್ಯಾಕೇಜ್.

ಒಂದು ವೈರ್ 11ನೇ ಪಿನ್ನಿಗೆ, ಅಂದರೆ ಜಿಪಿಐಒ 17ಕ್ಕೆ (ಜಿಪಿಐಒ ಅಂದರೆ ಪ್ರೋಗ್ರಾಂನಿಂದ ಓದಬಹುದಾದ ಪಿನ್; ವೋಲ್ಟೇಜ್ ಇದ್ದರೆ 1, ಇಲ್ಲದಿದ್ದರೆ 0). ಇನ್ನೊಂದು 9ನೇ ಪಿನ್ನಿಗೆ, ಅದು ಗ್ರೌಂಡ್, ಅಂದರೆ 0 ವೋಲ್ಟ್. ಪ್ರೋಗ್ರಾಂ ಓಡಿಸಿದರೆ 'ಇನ್‌ವ್ಯಾಲಿಡ್ ಆರ್ಗ್ಯುಮೆಂಟ್' ಅಂತ ಎರರ್. ಅರ್ಧ ದಿನ ಹುಡುಕಾಡಿದೆ. ಆನ್‌ಆಫ್ ಪಿನ್ ಓದುವುದು ಸಿಸ್‌ಎಫ್‌ಎಸ್ ಮೂಲಕ, ಅಂದರೆ ಲಿನಕ್ಸ್ ಪಿನ್ನುಗಳನ್ನು ಫೈಲುಗಳಂತೆ ತೋರಿಸುವ ಜಾಗ. ಪೈಯಲ್ಲಿ ಲಿನಕ್ಸ್ ಕರ್ನಲ್ 6.6 ಬಂದಾಗಿನಿಂದ ಅಲ್ಲಿನ ಪಿನ್ ಎಣಿಕೆ ಶುರುವಾಗುವುದು 512ರಿಂದ. 17ರ ಬದಲು 529 ಕೊಡಬೇಕು. ಕರ್ನಲ್‌ನ ಡೀಬಗ್ ಫೋಲ್ಡರಿನಲ್ಲಿರುವ ಜಿಪಿಐಒ ಫೈಲನ್ನು ಸೂಡೋ ಹಾಕಿ (ಅಡ್ಮಿನ್ ಅನುಮತಿಯಲ್ಲಿ) ಕ್ಯಾಟ್ ಕಮಾಂಡಿನಿಂದ ಓದಿ, ಪೂರಾ ಪಟ್ಟಿ ಸಿಗುತ್ತದೆ.

ಎರರ್ ಹೋಯಿತು. ಆದರೆ ಫ್ಲೋಟ್ ಎತ್ತಿದರೂ 0, ಇಳಿಸಿದರೂ 0. ಕೋಡಲ್ಲಿ ತಪ್ಪಿರಲಿಲ್ಲ. ಪೈ ಆನ್ ಆದಾಗ ಜಿಪಿಐಒ 9ರಿಂದ 27ರವರೆಗೆ ಪುಲ್-ಡೌನ್ ಇರುತ್ತದೆ, ಅಂದರೆ ಪಿನ್ನನ್ನು 0 ಕಡೆಗೆ ಎಳೆಯುವ ಒಳಗಿನ ರೆಸಿಸ್ಟರ್. ಸ್ವಿಚ್ ಮುಚ್ಚಿದರೆ ಗ್ರೌಂಡ್. ತೆರೆದರೂ ಒಳಗಿನ ರೆಸಿಸ್ಟರ್ ಗ್ರೌಂಡಿಗೇ ಎಳೆಯುತ್ತದೆ. ಇನ್ನು 1 ಬರುವುದು ಎಲ್ಲಿಂದ? ಸಿಸ್‌ಎಫ್‌ಎಸ್‌ನಿಂದ ಪುಲ್-ಅಪ್ (1ರ ಕಡೆಗೆ ಎಳೆಯುವ ರೆಸಿಸ್ಟರ್) ಹಾಕಲು ಬರುವುದಿಲ್ಲ. ಬೂಟ್ ಕಾನ್ಫಿಗ್ ಫೈಲಿನಲ್ಲಿ ಒಂದು ಸಾಲು ಬರೆದರೆ ಆಗುತ್ತದೆ. ಆದರೆ ಒಳಗಿನ ಪುಲ್-ಅಪ್ ಸುಮಾರು 50 ಕಿಲೋ ಓಮ್. ತಾರಸಿವರೆಗೆ ಹೋಗುವ ವೈರಿಗೆ ಅದರ ಹಿಡಿತ ಸಾಲದು, ಮೋಟಾರ್ ಆನ್ ಆದರೂ ಪಿನ್ ಬೆಚ್ಚಿಬೀಳಬಹುದು. ನಾನು 3.3 ವೋಲ್ಟಿನ 1ನೇ ಪಿನ್ನಿಂದ ಜಿಪಿಐಒ 17ಕ್ಕೆ 4.7 ಕಿಲೋ ಓಮ್ ರೆಸಿಸ್ಟರ್ ಹಾಕಿದೆ. ಎದುರಿಗಿನ 2ನೇ ಪಿನ್ 5 ವೋಲ್ಟ್, ಅದರ ತಂಟೆಗೆ ಮಾತ್ರ ಹೋಗಬೇಡಿ. ಇನ್‌ಪುಟ್ ಪಿನ್ ಸುಟ್ಟೀತು.

ಫ್ಲೋಟ್ ಇಳಿಸಿದೆ. ಸ್ಕ್ರೀನ್ ಮೇಲೆ 1 ಬಂತು. ಎಷ್ಟು ಖುಷಿಯಾಯಿತು!

ಟ್ಯಾಂಕ್ ತುಂಬುತ್ತಾ ಬಂದಾಗ ನೀರು ತುಳುಕುತ್ತದೆ, ಫ್ಲೋಟ್ ಕುಣಿಯುತ್ತದೆ. ಪಿನ್ ಬದಲಾದಾಗಲೆಲ್ಲ ತಿಳಿಸುವ ಆನ್‌ಆಫ್‌ನ ವಾಚ್ ಫಂಕ್ಷನ್ ಸುಮ್ನೆ 0, 1, 0, 1 ಅಂತ ಕೂಗುತ್ತಲೇ ಇರುತ್ತದೆ. ಬಟನ್ನಿಗೆ 10 ಮಿಲಿಸೆಕೆಂಡ್ ಡಿಬೌನ್ಸ್ (ಅದುರಾಟ ನಿಲ್ಲುವವರೆಗೆ ಕಾಯುವುದು) ಸಾಕು, ನೀರಿಗೆ ಎಲ್ಲಿ ಸಾಕಾಗಬೇಕು? ಪಿನ್ ಬದಲಾದಾಗಲೆಲ್ಲ ಹಳೇ ಟೈಮರ್ ತೆಗೆದು 3 ಸೆಕೆಂಡಿನ ಹೊಸ ಟೈಮರ್ ಇಡುತ್ತೇನೆ. ಅದು ಮುಗಿದಾಗ ಆನ್‌ಆಫ್‌ನ ರೀಡ್‌ಸಿಂಕ್ ಫಂಕ್ಷನ್ನಿನಿಂದ ಪಿನ್ನನ್ನು ಇನ್ನೊಮ್ಮೆ ಓದುತ್ತೇನೆ. ನಂಬುವುದು ಆ ಉತ್ತರವನ್ನಷ್ಟೇ.

ಇನ್ನೊಂದು ಮಾತು. ಕರೆಂಟ್ ಹೋಗಿ ಬಂದಾಗ ಟ್ಯಾಂಕ್ ಆಗಲೇ ತುಂಬಿದ್ದರೆ ವಾಚ್ ಏನೂ ಹೇಳುವುದಿಲ್ಲ. ಪಿನ್ ಬದಲಾಗಿಯೇ ಇಲ್ಲ, ಅಲ್ವಾ? ಅದಕ್ಕೇ ಪ್ರೋಗ್ರಾಂ ಶುರುವಾಗುತ್ತಲೇ ಒಮ್ಮೆ ಪಿನ್ ಓದಿಬಿಡುತ್ತೇನೆ.