ಎರೆ ಹೊಲದ ಮಕ್ಕಳಿಗೆ ಕಲ್ಲುಕಂಬದ ದ್ವೀಪ: ಇಳಿತದ ಹೊತ್ತು ನೋಡಿ ಮಲ್ಪೆಗೆ ಹೋಗುವ ಬಗೆ

ಏಪ್ರಿಲ್ ಬಂತೆಂದರೆ ಅಫಜಲಪುರ, ಜೇವರ್ಗಿ, ಆಳಂದದ ಎರೆ ಹೊಲಗಳು ಬಾಯಿ ಬಿಡುತ್ತವೆ. ಬಿರುಕಿನ ನಡುವೆ ಉಳಿದ ಹೆಂಟೆಗಳನ್ನು ಮಕ್ಕಳಿಗೆ ತೋರಿಸಿ, ಮೂಲೆ ಎಣಿಸಲು ಹೇಳಿ. ನಾಲ್ಕು, ಐದು, ಆರು ಸಿಗುತ್ತವೆ. ಉಡುಪಿಯ ಮಲ್ಪೆ ದಂಡೆಯಿಂದ ಸುಮಾರು 6 ಕಿ.ಮೀ. ದೂರದ ಸೇಂಟ್ ಮೇರಿಸ್ ದ್ವೀಪದಲ್ಲಿ ಇದೇ ಬಿರುಕು ಕಲ್ಲಿನಲ್ಲಿದೆ. ನೆಲದ ಮಣ್ಣು ಒಣಗಿ ಕುಗ್ಗಿ ಬಿರಿದರೆ, ಅಲ್ಲಿ ಲಾವಾ ಆರಿ ಕುಗ್ಗಿ ಬಿರಿಯಿತು. ಬಿರುಕು ಮೇಲಿನಿಂದ ಒಳಕ್ಕಿಳಿದು, ಕಲ್ಲೆಲ್ಲ ಕಟ್ಟಿಗೆಯ ಹೊರೆ ನಿಲ್ಲಿಸಿದಂತೆ ಐದಾರು ಮುಖದ ಕಂಬಗಳಾಯಿತು.

ಅನೇಕರು ಇದನ್ನು ನಮ್ಮ ಕಡೆಯ ಕಪ್ಪು ಕಲ್ಲೇ ಅಂದುಕೊಳ್ಳುತ್ತಾರೆ. ಅಲ್ಲ. ಕಲಬುರಗಿ, ಬೀದರಿನ ಕಪ್ಪು ಕಲ್ಲು ಸುಮಾರು 6.6 ಕೋಟಿ ವರ್ಷದ ಹಿಂದಿನ ದಖ್ಖನ್ ಲಾವಾ. ದ್ವೀಪದ್ದು ಸುಮಾರು 8.8 ಕೋಟಿ ವರ್ಷ ಹಳೆಯದು, ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟ ಕಾಲದ್ದು. ಅದರಲ್ಲಿ ಸಿಲಿಕಾ ಅಂಶವೂ ಹೆಚ್ಚು. ಬೀದರ್ ಕೋಟೆಯ ಕೆಂಪು ಜಂಬಿಟ್ಟಿಗೆ ಕಲ್ಲಿಗೆ ಮಾತ್ರ ಅಲ್ಲಿ ಬಳಗವಿದೆ: ಉಡುಪಿಯ ಹಳೆಯ ಮನೆಗಳ ಗೋಡೆ ನೋಡಿದರೆ ಬೀದರಿನ ಮಕ್ಕಳು ತಟ್ಟನೆ ಗುರುತು ಹಿಡಿಯುತ್ತಾರೆ.

ಹೊರಡುವ ಒಂದು ವಾರ ಮೊದಲೇ, ಇಂಥದೇ ಬಿರುಕು ಮೂಡಿಸಿ ನೋಡಲು ಮನೆಯಲ್ಲಿ ಒಂದು ಕೆಲಸ ಮಾಡಿ. 100 ಗ್ರಾಂ ಕಾರ್ನ್‌ಫ್ಲೋರ್, ಅಷ್ಟೇ ತೂಕದ ನೀರು. ಗಂಟಿಲ್ಲದಂತೆ ಕಲಸಿ, ಅಗಲ ಬಾಯಿಯ ಗಾಜಿನ ಲೋಟದಲ್ಲಿ ಎರಡು ಬೆರಳು ದಪ್ಪಕ್ಕೆ ಹಾಕಿ, ಮಾಳಿಗೆಯ ಮೇಲೆ ಬಿಸಿಲಿಗಿಡಿ. ಅಲುಗಾಡಿಸಬೇಡಿ, ಮುಚ್ಚಲೂಬೇಡಿ. ಮೊದಲು ಮೇಲೆ ದೊಡ್ಡ ಬಿರುಕು ಕಾಣುತ್ತದೆ. ಆಟ ಮುಗಿಯಿತೆಂದು ಆಗಲೇ ತೆಗೆದರೆ ಒಳಗೆ ಹಸಿ ಮುದ್ದೆ ಸಿಗುತ್ತದೆ, ಅಷ್ಟೇ. ಊರಿಗೆ ಮರಳುವ ತನಕ ಅದು ಅಲ್ಲೇ ಇರಲಿ.

ಈಗ ದಿನ ಆರಿಸುವ ಮಾತು. ಪ್ರವಾಸ ಕೆಡುವುದು ಹೆಚ್ಚಾಗಿ ಇಲ್ಲೇ. ರಜೆ ನೋಡಿ ದಿನ ಗೊತ್ತು ಮಾಡಿದರೆ ಅರ್ಧ ಕಂಬ ನೀರಿನೊಳಗಿದ್ದಾಗ ಹೋಗಿ ನಿಲ್ಲುತ್ತೀರಿ. ಮಲ್ಪೆ ಕಡೆ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಹುಣ್ಣಿಮೆ-ಅಮಾವಾಸ್ಯೆ ಹೊತ್ತಿಗೆ ಇವೆರಡರ ನಡುವಿನ ಅಂತರ ಸುಮಾರು ಒಂದರಿಂದ ಒಂದೂವರೆ ಮೀಟರ್, ಅಷ್ಟಮಿ ಆಸುಪಾಸು ಅದಕ್ಕಿಂತ ಬಹಳ ಕಡಿಮೆ. ಹಾಗಿದ್ದರೆ ಹುಣ್ಣಿಮೆಗೇ ಹೋಗೋಣ ಅನ್ನಿಸುತ್ತದೆ. ತೊಡಕಿರುವುದು ಗಡಿಯಾರದಲ್ಲಿ. ಆ ದಿನಗಳಲ್ಲಿ ಈ ಕರಾವಳಿಯಲ್ಲಿ ಸುಮಾರಾಗಿ ಮಧ್ಯಾಹ್ನಕ್ಕೆ ಸ್ವಲ್ಪ ಮುಂಚೆ ನೀರು ತುಂಬಿರುತ್ತದೆ. ಇಳಿತ ಬರುವುದು ನಸುಕಿಗೆ, ಮತ್ತೆ ಸಂಜೆಗೆ. ಬೋಟು ಓಡುವುದು ಹಗಲಿನಲ್ಲಿ.

ಇಳಿತದ ವೇಳೆ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಜರುಗುತ್ತದೆ. ಈ ಲೆಕ್ಕ ಹಿಡಿದರೆ ಎರಡು ದಾರಿ ಸಿಗುತ್ತವೆ: ಪಂಚಮಿ-ಷಷ್ಠಿಯ ಬೆಳಿಗ್ಗೆ ಮೊದಲ ಬೋಟು, ಇಲ್ಲವೇ ದ್ವಾದಶಿ-ತ್ರಯೋದಶಿಯ ಮಧ್ಯಾಹ್ನ. ಮನೆಯ ಕ್ಯಾಲೆಂಡರಿನಲ್ಲಿ ತಿಥಿ ನೋಡಿ ಗುರುತು ಹಾಕಿಕೊಳ್ಳಿ, ಆಮೇಲೆ ಮಂಗಳೂರು ಬಂದರಿನ ಉಬ್ಬರವಿಳಿತ ಪಟ್ಟಿಯ ಜೊತೆ ಕಡ್ಡಾಯವಾಗಿ ತಾಳೆ ನೋಡಿ. ಪಟ್ಟಿಯಲ್ಲಿ ವೇಳೆಯ ಪಕ್ಕ ಮೀಟರಿನ ಅಂಕಿ ಇರುತ್ತದೆ. ದಿನದ ಎರಡು ಇಳಿತಗಳು ಸಮನಾಗಿರುವುದಿಲ್ಲ. ಅಂಕಿ 0.4 ಇದ್ದರೆ ಕಂಬಗಳ ಬುಡ ಕಾಣುತ್ತದೆ, 0.9 ಇದ್ದರೆ ನೀರು ಇಳಿಯಿತು ಅನ್ನುವುದು ಹೆಸರಿಗೆ ಮಾತ್ರ. ಹೊರಡುವ ಹಿಂದಿನ ದಿನ ಸಮುದ್ರದ ಮಾಹಿತಿ ಕೊಡುವ ಹೈದರಾಬಾದಿನ ಇನ್‌ಕಾಯ್ಸ್ (INCOIS) ಸಂಸ್ಥೆಯ ಅಲೆ ಮುನ್ಸೂಚನೆಯನ್ನೂ ನೋಡಿ. ಎತ್ತರದ ಅಲೆಯ ಎಚ್ಚರಿಕೆ ಇದ್ದರೆ ಇಳಿತ ಎಷ್ಟೇ ಚೆನ್ನಾಗಿದ್ದರೂ ದ್ವೀಪದ ಆಸೆ ಬಿಡಿ.

ಮಳೆಗಾಲದಲ್ಲಿ ಬೋಟು ಓಡುವುದಿಲ್ಲ. ನವೆಂಬರಿನಿಂದ ಫೆಬ್ರುವರಿ ಮಕ್ಕಳಿಗೆ ಹಿತ. ಬೇಸಿಗೆ ರಜೆಯಲ್ಲಿ ಹೋಗಲೇಬೇಕೆಂದರೆ ಬೆಳಗಿನ ಇಳಿತವನ್ನೇ ಆರಿಸಿ. ಕಲಬುರಗಿಯ 42 ಡಿಗ್ರಿ ಕಂಡವರಿಗೆ ಅಲ್ಲಿನ 34 ಏನೂ ಅಲ್ಲ ಅನ್ನಿಸಬಹುದು, ಆದರೆ ಅಲ್ಲಿ ಬೆವರು ಆರುವುದಿಲ್ಲ. ನಮ್ಮ ಒಣ ಬಿಸಿಲಿಗೆ ಒಗ್ಗಿದ ಹುಡುಗರು ತಾಸಿನೊಳಗೆ ಸುಸ್ತಾಗಿ ಕೂರುತ್ತಾರೆ. ಕುಡಿಯಲು ತಲಾ ಒಂದು ಲೀಟರ್ ನೀರು, ಜೊತೆಗೆ ಎರಡು ಓಆರ್‌ಎಸ್ ಪೊಟ್ಟಣ ಇರಲಿ.

ಕಲಬುರಗಿಯಿಂದ ಉಡುಪಿಗೆ ರಸ್ತೆಯಲ್ಲಿ 600 ಕಿ.ಮೀ.ಗೂ ಹೆಚ್ಚು. ರಾತ್ರಿಯೆಲ್ಲ ಬಸ್ಸಿನಲ್ಲಿ ಕುಳಿತು ಬಂದ ಬೆಳಿಗ್ಗೆಯೇ ಮಕ್ಕಳನ್ನು ಬೋಟಿಗೆ ಹತ್ತಿಸಬೇಡಿ. ನಿದ್ದೆಗೆಟ್ಟ ಹೊಟ್ಟೆ ಅಲೆಯ ಮೇಲೆ ನಿಲ್ಲದು. ಒಂದು ದಿನ ಉಡುಪಿಯಲ್ಲಿ ಉಳಿಯಿರಿ. ಬೋಟು ಹತ್ತುವ ಒಂದೂವರೆ ತಾಸು ಮುಂಚೆ ಎರಡು ಇಡ್ಲಿ ಸಾಕು. ಬುತ್ತಿಯ ರೊಟ್ಟಿ, ಶೇಂಗಾ ಹಿಂಡಿ ಮರಳಿ ಬಂದ ಮೇಲೆ ಬಿಚ್ಚಿ. ದ್ವೀಪದಲ್ಲಿ ತಂಗುವ ವ್ಯವಸ್ಥೆ ಇಲ್ಲ, ತೆಂಗಿನ ಮರ ಬಿಟ್ಟರೆ ನೆರಳೂ ಕಡಿಮೆ.

ಬೋಟಿನಲ್ಲಿ ಲೈಫ್ ಜಾಕೆಟ್ ಕೊಡುತ್ತಾರೆ. ಕೊಟ್ಟದ್ದನ್ನು ಹಾಗೇ ತೊಡಿಸಬೇಡಿ. ಬಕಲ್ ಎಲ್ಲ ಹಾಕಿ, ಮಗುವಿನ ಹೆಗಲ ಹತ್ತಿರ ಜಾಕೆಟ್ ಹಿಡಿದು ಮೇಲಕ್ಕೆತ್ತಿ ನೋಡಿ. ಅದು ಕಿವಿಯ ತನಕ ಸರಿದರೆ ಅಳತೆ ದೊಡ್ಡದು, ನೀರಿಗೆ ಬಿದ್ದಾಗ ತಲೆಯಿಂದ ಕಳಚಿಕೊಳ್ಳುತ್ತದೆ. ಚಿಕ್ಕದು ಕೇಳಿ ಪಡೆಯಿರಿ. ಸಿಗದಿದ್ದರೆ ಆ ಮಗುವಿನೊಂದಿಗೆ ಒಬ್ಬರು ದಂಡೆಯಲ್ಲಿ ಉಳಿಯುವುದೇ ಸರಿ. ಇಳಿಯುವಾಗ ಮೊಣಕಾಲು ನೀರಿನಲ್ಲಿ ನಡೆಯಬೇಕಾಗಬಹುದು, ಆದ್ದರಿಂದ ಮೊಬೈಲು, ಬಟ್ಟೆ ಪ್ಲಾಸ್ಟಿಕ್ ಚೀಲದೊಳಗೆ ಕಟ್ಟಿಡಿ. ಇಳಿದ ಕೂಡಲೇ ಕೊನೆಯ ಬೋಟು ಎಷ್ಟು ಗಂಟೆಗೆ ಎಂದು ಕೇಳಿಕೊಂಡು, ಅದಕ್ಕಿಂತ ಒಂದು ಮುಂಚಿನದಕ್ಕೆ ಬಂದು ನಿಲ್ಲಿ. ಕೊನೆಯದಕ್ಕೆ ನೂಕುನುಗ್ಗಲು.

ಪಟ್ಟಿಯ ವೇಳೆಗಿಂತ ಒಂದು ತಾಸು ಮುಂಚೆ ಕಲ್ಲಿನ ಹತ್ತಿರ ಇರಬೇಕು. ಆಗ ನೀರು ಇಳಿಯುತ್ತಲೇ ಇರುತ್ತದೆ, ಹೊಸ ಕಲ್ಲು ಬಯಲಾಗುವುದನ್ನು ಮಕ್ಕಳು ಕಣ್ಣಾರೆ ನೋಡುತ್ತಾರೆ. ಪಟ್ಟಿಯ ವೇಳೆ ಬಂತೆಂದರೆ ಕೆಳಗಿನ ಕಲ್ಲುಗಳನ್ನು ಬಿಟ್ಟು ಮೇಲಕ್ಕೆ ಸರಿಯಿರಿ. ನೀರು ತಿರುಗಿ ಏರುವುದು ಮೊದಮೊದಲು ನಿಧಾನ, ಗೊತ್ತೇ ಆಗುವುದಿಲ್ಲ. ಎರಡನೆಯ, ಮೂರನೆಯ ಮತ್ತು ನಾಲ್ಕನೆಯ ತಾಸಿನಲ್ಲಿ ಬೇಗ ಏರುತ್ತದೆ. ಮುಂದಿನ ಕಲ್ಲು ಒಣಗಿಯೇ ಇರುವಾಗ ಹಿಂದಿನ ತಗ್ಗು ತುಂಬಿಬಿಡುತ್ತದೆ. ಜನ ಸಿಕ್ಕಿಬೀಳುವುದು ಹೀಗೆ.

ಕಲ್ಲಿನ ಮೇಲೆ ಕಾಲಿಡುವ ಮೊದಲು ಹತ್ತು ನಿಮಿಷ ನಿಂತು ಅಲೆ ನೋಡಿ. ಅಲೆಗಳೆಲ್ಲ ಒಂದೇ ಅಳತೆಯಲ್ಲ, ಹಲವು ಸಣ್ಣವು ಬಂದ ಮೇಲೆ ಎರಡು ಮೂರು ದೊಡ್ಡವು ಸಾಲಾಗಿ ಬರುತ್ತವೆ. ಅತಿ ದೊಡ್ಡದರ ನೀರು ಎಲ್ಲಿಗೆ ಮುಟ್ಟಿತೋ ಅದಕ್ಕಿಂತ ನಾಲ್ಕು ಹೆಜ್ಜೆ ಮೇಲೆ ನಿಮ್ಮ ಗೆರೆ. ಬಾವಿ, ಕೆರೆ, ಭೀಮಾ ಹೊಳೆ ಕಂಡ ಮಕ್ಕಳಿಗೆ ನೀರಿನ ಆಳದ ಅಂಜಿಕೆ ಗೊತ್ತು, ನೀರು ತಾನಾಗಿ ಮೇಲೆ ಬರುವುದು ಗೊತ್ತಿಲ್ಲ. ಸಮುದ್ರಕ್ಕೆ ಬೆನ್ನು ತಿರುಗಿಸಬಾರದು ಎಂಬ ಮಾತನ್ನು ದಂಡೆಯಲ್ಲೇ ಹೇಳಿ, ಅವರ ಬಾಯಿಂದಲೂ ಹೇಳಿಸಿ. ಫೋಟೋ ತೆಗೆಯುವವರಿಗೂ ಇದೇ ನಿಯಮ. ಕಲ್ಲುಗಳಿಂದ ನೀರಿಗಿಳಿದು ಈಜುವುದು ಬೇಡವೇ ಬೇಡ.

ಕಾಲಿಗೆ ಹಿಂದೆ ಪಟ್ಟಿಯಿರುವ, ಅಡಿ ಒರಟಾದ ಚಪ್ಪಲಿ ಅಥವಾ ಹಳೆಯ ಕ್ಯಾನ್‌ವಾಸ್ ಬೂಟು. ಹವಾಯಿ ಚಪ್ಪಲಿ ಜಾರುತ್ತದೆ, ಬರಿಗಾಲಿಗೆ ಕಲ್ಲಿಗಂಟಿದ ಸುಣ್ಣದಂಥ ಚಿಪ್ಪುಗಳು ಬ್ಲೇಡಿನಂತೆ ಕೊಯ್ಯುತ್ತವೆ. ಒಣಗಿ ತಿಳಿಬಣ್ಣಕ್ಕೆ ತಿರುಗಿದ ಕಲ್ಲು ನಂಬಿಕೆಯದು. ಹಸಿರು ಪಾಚಿಯದು, ಒದ್ದೆಯಾಗಿ ಕರ್ರಗೆ ಹೊಳೆಯುವುದು ಶಹಾಬಾದ್ ಫರಸಿಗೆ ಎಣ್ಣೆ ಚೆಲ್ಲಿದಂತೆ. ಇಬ್ಬರು ಮಕ್ಕಳಿಗೆ ಒಬ್ಬ ದೊಡ್ಡವರು ಬೇಕು. ಐದು ವರ್ಷದ ಒಳಗಿನವರಿಗೆ ಒಣ ಕಲ್ಲೂ ಚಿಪ್ಪಿನ ದಂಡೆಯೂ ಸಾಕು.

ಕಂಬಗಳ ತುದಿ ನೋಡಿದ ಮೇಲೆ ಸಂದಿಗಳಲ್ಲಿ ನಿಂತ ನೀರಿನ ಗುಂಡಿಗಳತ್ತ ಬನ್ನಿ. ನೆರಳು ಬೀಳದಂತೆ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಎರಡು ನಿಮಿಷ ಮಾತಾಡದೆ ನೋಡಿ. ಖಾಲಿ ಅನ್ನಿಸಿದ ಶಂಖ ಎದ್ದು ನಡೆಯತೊಡಗಿದರೆ ಒಳಗಿರುವುದು ಸನ್ಯಾಸಿ ಏಡಿ. ಅದಕ್ಕೆ ಸ್ವಂತ ಚಿಪ್ಪಿಲ್ಲ, ಸತ್ತ ಶಂಖದ ಮನೆಯೇ ಆಸರೆ. ಚಿಪ್ಪುಗಳನ್ನು ಕಿಸೆಗೆ ಹಾಕಿಕೊಂಡು ಬರಬಾರದು ಅನ್ನುವುದಕ್ಕೆ ಮಕ್ಕಳಿಗೆ ಇದಕ್ಕಿಂತ ಚೆಂದದ ಕಾರಣ ಬೇಕಿಲ್ಲ. ಶಂಕುವಿನಾಕಾರದ ಚಿತ್ತಾರದ ಶಂಖವನ್ನು ಮುಟ್ಟಲೇಬಾರದು, ಅವುಗಳಲ್ಲಿ ವಿಷದ ಮುಳ್ಳಿರುವ ಜಾತಿಗಳಿವೆ. ದಂಡೆಗೆ ಬಿದ್ದ ಅಂಬಲಿ ಮೀನು (ಜೆಲ್ಲಿಫಿಶ್) ಸತ್ತಿದ್ದರೂ ಚುಚ್ಚುತ್ತದೆ. ಚುಚ್ಚಿದರೆ ಉಜ್ಜದೆ, ಸಿಹಿನೀರು ಹಾಕದೆ, ಸಮುದ್ರದ ನೀರಿನಲ್ಲೇ ತೊಳೆದು ವೈದ್ಯರ ಬಳಿ ಹೋಗಿ. ಚಿಪ್ಪು ಕೊಯ್ದ ಗಾಯಕ್ಕೆ ಮಾತ್ರ ಕುಡಿಯುವ ನೀರು ಹಾಕಿ ಚೆನ್ನಾಗಿ ತೊಳೆಯಬೇಕು, ಒಳಗೆ ಚೂರು ಉಳಿದರೆ ಕೀವಾಗುತ್ತದೆ.

ಬೋಟು ಓಡದಿದ್ದರೆ ಆ ದಿನವನ್ನು ಕಾಪುವಿಗೆ ಕೊಡಿ. ಉಡುಪಿಯಿಂದ ದಕ್ಷಿಣಕ್ಕೆ ಮಂಗಳೂರು ಹೆದ್ದಾರಿಯಲ್ಲಿದೆ. 1901ರ ದೀಪಸ್ತಂಭ ಕಡಲಂಚಿನ ಬಂಡೆಯ ಮೇಲಿದೆ, ಇಳಿತದಲ್ಲಿ ಸುತ್ತಲಿನ ಬಂಡೆಗಳು ಬಯಲಾಗುತ್ತವೆ. ಕಂಬಗಳು ಅಲ್ಲಿಲ್ಲ. ಅಲೆ ಜೋರಿದ್ದರೆ ಮರಳಿನ ಮೇಲಿಂದಲೇ ನೋಡಿ.

ಊರಿಗೆ ಬಂದ ಮೇಲೆ ಮಾಳಿಗೆಯ ಲೋಟ ಕೆಳಗೆ ತನ್ನಿ. ಹಿಟ್ಟು ಅಂಚು ಬಿಟ್ಟಿದ್ದರೆ, ಬುಡದಲ್ಲಿ ಹಸಿ ಬಣ್ಣ ಕಾಣದಿದ್ದರೆ ಒಣಗಿದೆ ಎಂದರ್ಥ. ಕಾಗದದ ಮೇಲೆ ಮೆಲ್ಲಗೆ ಮಗುಚಿ, ಅಡ್ಡಡ್ಡ ಮುರಿಯದೆ ದೊಡ್ಡ ಬಿರುಕಿನ ಗುಂಟ ಉದ್ದಕ್ಕೆ ಬಿಡಿಸಿ. ಒಳಗೆ ಕಡ್ಡಿಯಷ್ಟು ತೆಳುವಾದ ಬಿಳಿ ಕಂಬಗಳು ಸಾಲಾಗಿ ನಿಂತಿರುತ್ತವೆ. ಒಂದೊಂದಾಗಿ ಎಬ್ಬಿಸಿ, ಮತ್ತೆ ಮೂಲೆ ಎಣಿಸಲು ಹೇಳಿ.