ಸೀಮೆಸುಣ್ಣ, ಟೇಪು ಹಿಡಿದು ಗೇರಿನ ಲೆಕ್ಕ ಹಾಕಿ

ಆಗುಂಬೆ ಘಾಟಿಯ 14 ತಿರುವುಗಳನ್ನು ಹತ್ತಿಸುವುದೂ ಅದೇ ಎಂಜಿನ್ನು, ಹೆದ್ದಾರಿಯಲ್ಲಿ ಸದ್ದಿಲ್ಲದೆ ಓಡಿಸುವುದೂ ಅದೇ ಎಂಜಿನ್ನು. ನಡುವೆ ಬದಲಾಗುವುದು ಗೇರಿನ ಹಲ್ಲುಗಳ ಲೆಕ್ಕ. ಅದನ್ನು ಮನೆ ಮುಂದೆಯೇ ಹಾಕಿ ನೋಡಬಹುದು.

ಮೊದಲು ಕಾರಿನ ವಿವರಪಟ್ಟಿಯಲ್ಲಿ ಗೇರ್ ರೇಶಿಯೊ, ಅಂದರೆ ಗೇರಿನ ಹಲ್ಲುಗಳ ಅನುಪಾತ, ಹುಡುಕಿ. ಸಣ್ಣ ಪೆಟ್ರೋಲ್ ಕಾರಿಗೆ ಮೊದಲನೇ ಗೇರು 3.5, ಮೂರನೆಯದು 1.28, ಐದನೆಯದು 0.75ರ ಆಸುಪಾಸು ಇರುತ್ತದೆ. ಪಕ್ಕದಲ್ಲೇ ಫೈನಲ್ ಡ್ರೈವ್ (ಚಕ್ರಕ್ಕೆ ಹೋಗುವ ಮುನ್ನ ಬರುವ ಕೊನೆಯ ಗೇರು ಜೋಡಿ) ಅಂತ ಇನ್ನೊಂದು ಸಂಖ್ಯೆ ಇರುತ್ತದೆ, 4.3 ಅಂದುಕೊಳ್ಳಿ. ಎರಡನ್ನೂ ಗುಣಿಸಿ. ಮೊದಲನೇ ಗೇರಿಗೆ 15 ಬಂತು. ಅಂದರೆ ಚಕ್ರ ಒಂದು ಸುತ್ತು ಬರುವಷ್ಟರಲ್ಲಿ ಎಂಜಿನ್ 15 ಸುತ್ತು ಹಾಕುತ್ತದೆ. ಚಕ್ರಕ್ಕೆ ಸಿಗುವ ತಿರುಚುಬಲವೂ ಹೆಚ್ಚುಕಡಿಮೆ ಅಷ್ಟೇ ಪಟ್ಟು. ಐದನೆಯದಕ್ಕೆ 3.2 ಮಾತ್ರ.

ಈಗ ಟೈರು. ಸಮತಟ್ಟಾದ ಜಾಗದಲ್ಲಿ ಟೈರು ನೆಲ ಮುಟ್ಟುವಲ್ಲಿ, ಟೈರಿಗೂ ನೆಲಕ್ಕೂ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಟೈರು ಸರಿಯಾಗಿ ಒಂದು ಸುತ್ತು ಬರುವಷ್ಟು ಕಾರನ್ನು ತಳ್ಳಿ, ಸಾಗಿದ ದೂರ ಅಳೆಯಿರಿ. ಸುಮಾರು 1.9 ಮೀಟರ್ ಬರುತ್ತದೆ.

ಗಂಟೆಗೆ ಕಿ.ಮೀ. ಲೆಕ್ಕದ ವೇಗವನ್ನು 16.67ರಿಂದ ಗುಣಿಸಿ (ಅದು ನಿಮಿಷಕ್ಕೆ ಎಷ್ಟು ಮೀಟರ್ ಅಂತ ಆಗುತ್ತದೆ), ಟೈರಿನ ಅಳತೆಯಿಂದ ಭಾಗಿಸಿ, ಮತ್ತೆ ಆ ಗೇರಿಗೆ ಮೇಲೆ ಗುಣಿಸಿ ಬಂದ ಸಂಖ್ಯೆಯಿಂದ ಗುಣಿಸಿ. 80 ಕಿ.ಮೀ. ವೇಗದಲ್ಲಿ ಐದನೇ ಗೇರಿಗೆ ಸುಮಾರು 2,250 ಆರ್‌ಪಿಎಂ, ಅಂದರೆ ಎಂಜಿನ್ ನಿಮಿಷಕ್ಕೆ ಹಾಕುವ ಸುತ್ತು. ಮೂರನೆಯದಕ್ಕೆ 3,860! ಕಾರು ಓಡಲು ಬೇಕಾದ ಶಕ್ತಿ ಎರಡರಲ್ಲೂ ಒಂದೇ, ಅಲ್ವಾ? ಆದರೆ ಸುತ್ತು ಜಾಸ್ತಿಯಾದಷ್ಟೂ ಎಂಜಿನ್ ಒಳಗಿನ ತಿಕ್ಕಾಟ ಜಾಸ್ತಿ. ಪೆಟ್ರೋಲ್ ಸುಮ್ನೆ ಹೋಗುವುದು ಅಲ್ಲೇ.

ಹಾಗಂತ 35ರ ವೇಗಕ್ಕೆ ಟಾಪ್ ಗೇರ್ ಹಾಕಬೇಡಿ. ಆಗ ಸಾವಿರ ಆರ್‌ಪಿಎಂ ಕೂಡ ಇರುವುದಿಲ್ಲ. ಎಂಜಿನ್ ನಡುಗುತ್ತದೆ, ಆಕ್ಸಿಲರೇಟರ್ ಪೂರ್ತಿ ಒತ್ತಿದರೂ ಪಿಕಪ್ ಬರುವುದಿಲ್ಲ. ಲಾರಿಯನ್ನು ಹಿಂದಿಕ್ಕುವ ಮುನ್ನ ಗೇರು ಇಳಿಸುವುದೂ ಇದಕ್ಕೇ. ಮುಂದೆ ನುಗ್ಗಿದ ಮೇಲಲ್ಲ, ಮೊದಲೇ ಇಳಿಸಿಕೊಳ್ಳಿ.

ಇನ್ನೊಂದು ಮಾತು, ಇದು ನನಗೆ ಬಹಳ ಮುಖ್ಯ. ಪೆಟ್ರೋಲ್ ಉಳಿಯುತ್ತದೆಂದು ಘಾಟಿಯಲ್ಲಿ ನ್ಯೂಟ್ರಲ್ ಮಾಡಿ ಇಳಿಯುವವರಿದ್ದಾರೆ. ದಯವಿಟ್ಟು ಬೇಡ. ಇಂದಿನ ಇಂಜೆಕ್ಷನ್ ಎಂಜಿನ್ನುಗಳಲ್ಲಿ ಗೇರಿನಲ್ಲೇ ಇಟ್ಟು ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಪೆಟ್ರೋಲ್ ಪೂರೈಕೆಯೇ ನಿಲ್ಲುತ್ತದೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಆರದಂತೆ ಉರಿಸಲು ಪೆಟ್ರೋಲ್ ಬೇಕೇ ಬೇಕು. ಕಾರಿನ ಭಾರವೆಲ್ಲ ಬ್ರೇಕಿನ ಮೇಲೆ ಬಿದ್ದು, ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಆಗುಂಬೆಯಿಂದ ಕೆಳಗೆ ಸೋಮೇಶ್ವರದ ಕಡೆ ಇಳಿಯುವಾಗ ಎರಡನೇ ಗೇರಿನಲ್ಲಿ 30ರ ವೇಗಕ್ಕೆ ಎಂಜಿನ್ ಸುಮಾರು 2,150 ಸುತ್ತು ಹಾಕುತ್ತಾ ಕಾರನ್ನು ಹಿಂದಕ್ಕೆ ಜಗ್ಗಿ ಹಿಡಿಯುತ್ತದೆ. ಬ್ರೇಕು ತಿರುವಿಗೆ ತಣ್ಣಗೆ ಉಳಿದಿರುತ್ತದೆ.